ಆಫರ್ ಪತ್ರದಲ್ಲಿ ‘ಇಸಾಪ್’ ಎಂದಿದ್ದರೆ: ಸಹಿ ಹಾಕುವ ಮುನ್ನ ಕೇಳಿ ಪಡೆಯಬೇಕಾದ ಕಾಗದಗಳು

ಮೊನ್ನೆ ಒಂದು ಸಂಜೆ ಕುಂದಗೋಳ ಕಡೆಯ ತಂದೆ-ಮಗ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿರುವ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಮಗನಿಗೆ ಹೊಸ ಕೆಲಸ ಸಿಕ್ಕಿತ್ತು. ಧಾರವಾಡ ಪೇಢೆಯ ಪೊಟ್ಟಣವನ್ನೂ ಆಫರ್ ಪತ್ರವನ್ನೂ ಒಂದೇ ಚೀಲದಲ್ಲಿ ತಂದಿದ್ದ. ಒಂಬತ್ತು ಪುಟಗಳ ಪತ್ರ. ಆರನೇ ಪುಟದ ಅಂಚಿಗೆ ತುಪ್ಪದ ಕಲೆ ಹತ್ತಿ, ಹಿಂದಿನ ಪುಟದ ಅಕ್ಷರಗಳೂ ಅಲ್ಲಿ ಮಸುಕಾಗಿ ಕಾಣುತ್ತಿದ್ದವು. ಅದೇ ಪುಟದಲ್ಲಿ ಒಂದೇ ಒಂದು ಸಾಲು: ಕಂಪನಿಯ ನೌಕರರ ಷೇರು ಯೋಜನೆಯಡಿ, ಅದರ ನಿಯಮಗಳಿಗೆ ಒಳಪಟ್ಟು, ನಿಮಗೆ 4,000 ಆಪ್ಷನ್ ನೀಡಲಾಗುವುದು. ಆಪ್ಷನ್ ಎಂದರೆ ಕಂಪನಿಯ ಷೇರನ್ನು ಮುಂದೆ ಗೊತ್ತುಪಡಿಸಿದ ಬೆಲೆಗೆ ಪಡೆಯುವ ಹಕ್ಕು; ಇಂಥ ಯೋಜನೆಗೇ ಇಸಾಪ್ ಎನ್ನುತ್ತಾರೆ. ಆ ಸಾಲನ್ನು ನಂಬಿ ಹುಡುಗ ತಿಂಗಳಿಗೆ 12,000 ರೂಪಾಯಿ ಕಡಿಮೆ ಸಂಬಳಕ್ಕೆ ಒಪ್ಪಿದ್ದ.

ತಂದೆ ಎಲ್ಲವನ್ನೂ ಕೇಳಿಸಿಕೊಂಡು, ಪತ್ರವನ್ನು ನನ್ನ ಕಡೆಗೆ ಸರಿಸಿದರು. “ಅಕ್ಕಾವರೇ, ನಾಲ್ಕು ಸಾವಿರ ಅಂದರೆ ಎಷ್ಟರಲ್ಲಿ ನಾಲ್ಕು ಸಾವಿರ? ಇದರ ಉತಾರ ಎಲ್ಲಿದೆ?”

ಕಂಪನಿ ಸೆಕ್ರೆಟರಿಯಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಇಷ್ಟು ಸರಿಯಾದ ಪ್ರಶ್ನೆಯನ್ನು ಎಂಜಿನಿಯರ್‌ಗಳ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಉತಾರ (ಪಹಣಿ) ನೋಡದೆ ನಮ್ಮ ಕಡೆ ಯಾರೂ ಒಂದು ಗುಂಟೆ ಹೊಲ ಕೊಳ್ಳುವುದಿಲ್ಲ. ಆದರೆ ನಾಲ್ಕು ವರ್ಷದ ದುಡಿಮೆಯನ್ನು ಒಂದು ಸಾಲಿನ ಮೇಲೆ ಇಡುತ್ತಾರೆ.

ಈ ಬರಹ ಆ ಉತಾರವನ್ನು ಹೇಗೆ ಕೇಳಿ ಪಡೆಯಬೇಕು ಎಂಬುದರ ಬಗ್ಗೆ. ಇದನ್ನು ಬರೆಯಲು ನನಗೆ ಹಳೆಯದೊಂದು ಋಣವೂ ಇದೆ. ಸ್ವಂತ ಕಚೇರಿ ತೆರೆಯುವ ಮುನ್ನ ನಾನು ಒಂದು ಖಾಸಗಿ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿನ ಷೇರು ಯೋಜನೆಯ ಕಾಗದಗಳನ್ನು ಸಿದ್ಧಪಡಿಸಿದವಳು ನಾನೇ. ಗದಗಿನ ಒಬ್ಬ ಹುಡುಗ ಅಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದ. ಅಪ್ಪನಿಗೆ ಪಾರ್ಶ್ವವಾಯು ಆಯಿತೆಂದು ಕೆಲಸ ಬಿಟ್ಟು ಊರಿಗೆ ಹೋದ. ಅವನ ಹೆಸರಿನಲ್ಲಿ 1,200 ಆಪ್ಷನ್ ಪಕ್ಕಾ ಆಗಿದ್ದವು, ಬೆಲೆ ತಲಾ 10 ರೂಪಾಯಿ. ಕೆಲಸ ಬಿಟ್ಟ 30 ದಿನದೊಳಗೆ ದುಡ್ಡು ಕಟ್ಟಿ ಷೇರು ಪಡೆಯಬೇಕು, ಇಲ್ಲವಾದರೆ ರದ್ದು ಎಂದು ಯೋಜನೆಯಲ್ಲಿತ್ತು. ಅವನು ಫೋನ್ ಮಾಡಿದ್ದು 47ನೇ ದಿನ. 12,000 ರೂಪಾಯಿ ಮತ್ತು ಒಂದು ಅರ್ಜಿ, ಅಷ್ಟೇ ಬೇಕಾಗಿದ್ದದ್ದು. ಆ 30 ದಿನದ ಷರತ್ತನ್ನು ಒಂಬತ್ತು ಮಂದಿ ಷೇರುದಾರರಿಗೆ ಕಳಿಸಿದ ನೋಟಿಸಿನಲ್ಲಿ ನಾನೇ ಟೈಪ್ ಮಾಡಿದ್ದೆ. ಅದರ ಪ್ರತಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ, ಹಸಿರು ಫೈಲಿನಲ್ಲಿತ್ತು. ಅವನಿಗೆ ಅದನ್ನು ಯಾರೂ ತೋರಿಸಿರಲಿಲ್ಲ. ಕಾನೂನು ತೋರಿಸು ಎಂದು ಹೇಳಿರಲಿಲ್ಲ, ನಾನೂ ತೋರಿಸಲಿಲ್ಲ.

ತಿಳಿಯಬೇಕಾದ ಮೊದಲ ಸಂಗತಿ ಇದೇ. ಖಾಸಗಿ ಕಂಪನಿ ಷೇರು ಯೋಜನೆ ಮಾಡುವಾಗ ಯಾರಿಗೆ ಏನು ತಿಳಿಸಬೇಕೆಂದು ಕಾನೂನು ವಿವರವಾಗಿ ಹೇಳುತ್ತದೆ. ಆದರೆ ತಿಳಿಸಬೇಕಾದದ್ದು ಷೇರುದಾರರಿಗೆ. ಆಪ್ಷನ್ ಕೈಯಲ್ಲಿದ್ದರೂ ಷೇರು ಬರುವ ತನಕ ನೀವು ಷೇರುದಾರರಲ್ಲ. ಮತವಿಲ್ಲ, ಲಾಭಾಂಶವಿಲ್ಲ, ನೋಟಿಸೂ ಬರುವುದಿಲ್ಲ. ಆದ್ದರಿಂದ ನೀವೇ ಕೇಳಬೇಕು.

ಪತ್ರದಲ್ಲಿ 21 ಅಕ್ಷರಗಳನ್ನು ಹುಡುಕಿ

ಕಂಪನಿಯ ಲೆಟರ್‌ಹೆಡ್‌ನಲ್ಲಿ, ವಿಳಾಸದ ಹತ್ತಿರ, ಅಕ್ಷರ-ಅಂಕಿ ಕೂಡಿದ 21 ಸ್ಥಾನಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸಿಐಎನ್ ಎನ್ನುತ್ತಾರೆ. ಅದನ್ನು ಮುದ್ರಿಸುವುದು ಕಡ್ಡಾಯ. ಮೊದಲ ಅಕ್ಷರ ‘ಯು’ ಆಗಿದ್ದರೆ ಕಂಪನಿ ಷೇರುಪೇಟೆಯಲ್ಲಿಲ್ಲ. ‘ಎಲ್’ ಆಗಿದ್ದರೆ ಇದೆ. ಬಳಿಕ ಐದು ಅಂಕಿ ಉದ್ಯಮದ ಬಗೆಗೆ, ಎರಡಕ್ಷರ ರಾಜ್ಯಕ್ಕೆ (ಕರ್ನಾಟಕಕ್ಕೆ ‘ಕೆಎ’), ನಾಲ್ಕು ಅಂಕಿ ನೋಂದಣಿಯಾದ ವರ್ಷಕ್ಕೆ, ಆಮೇಲೆ ‘ಪಿಟಿಸಿ’ ಎಂದಿದ್ದರೆ ಖಾಸಗಿ ಕಂಪನಿ, ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಆ ಮೊದಲ ಅಕ್ಷರದಲ್ಲೇ ತೀರ್ಮಾನವಾಗುತ್ತದೆ.

‘ಎಲ್’ ಆದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2021ರ ನೌಕರರ ಷೇರು ಸೌಲಭ್ಯ ನಿಯಮಾವಳಿ ನಿಮ್ಮ ಪರವಾಗಿದೆ. ಅದರ ಪ್ರಕಾರ, ಆಪ್ಷನ್ ಕೊಡುವ ಮುನ್ನವೇ ನೌಕರನ ಕೈಗೆ ಒಂದು ಮಾಹಿತಿ ಪತ್ರ ಕೊಡಬೇಕು. ಅದರಲ್ಲಿ ಅಪಾಯಗಳ ವಿವರ, ಕಂಪನಿಯ ಪರಿಚಯ, ಯೋಜನೆಯ ಮುಖ್ಯಾಂಶ ಇರಬೇಕು. ಷೇರಿನ ಬೆಲೆ ದಿನಾ ಮೊಬೈಲಿನಲ್ಲಿ ಕಾಣುತ್ತದೆ. ವಾರ್ಷಿಕ ವರದಿ ಷೇರುಪೇಟೆಯ ಜಾಲತಾಣದಲ್ಲಿ ಉಚಿತ.

ಗೋಕುಲ ರಸ್ತೆಯಲ್ಲಿ ಇನ್ಫೊಸಿಸ್ ಕ್ಯಾಂಪಸ್ಸಿನ ಮುಂದೆ ಹಾಯುವಾಗ ಆ ಕಂಪನಿಯ ಷೇರಿನಿಂದ ಶ್ರೀಮಂತರಾದವರ ಕಥೆ ನೆನಪಿಗೆ ಬಾರದವರು ನಮ್ಮಲ್ಲಿ ವಿರಳ. ಆ ಕಥೆಯಲ್ಲಿ ಒಂದು ಮಾತು ಬಿಟ್ಟುಹೋಗುತ್ತದೆ. ಇನ್ಫೊಸಿಸ್ ಷೇರುಪೇಟೆಗೆ ಬಂದದ್ದು 1993ರಲ್ಲಿ, ನೌಕರರ ಷೇರು ಯೋಜನೆ ತಂದದ್ದು 1994ರಲ್ಲಿ. ಅಂದರೆ ಆ ನೌಕರರ ಷೇರಿಗೆ ಪೇಟೆ ಮೊದಲೇ ಇತ್ತು. ನಿಮ್ಮ ಪತ್ರದ ಸಿಐಎನ್ ‘ಯು’ದಿಂದ ಶುರುವಾಗುತ್ತಿದ್ದರೆ ಆ ಕಥೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಖಾಸಗಿ ಕಂಪನಿ ಎಂಬ ಪದದ ಕಾನೂನಿನ ಅರ್ಥದಲ್ಲೇ, ಷೇರನ್ನು ಇನ್ನೊಬ್ಬರಿಗೆ ವರ್ಗಾಯಿಸಲು ನಿರ್ಬಂಧ ಇರುವ ಕಂಪನಿ ಎಂಬುದು ಸೇರಿದೆ. ಷೇರು ನಿಮ್ಮ ಹೆಸರಿಗೆ ಬಂದರೂ ಬೇಕೆಂದಾಗ ಮಾರಲಾಗದು.

ಇನ್ನು ಮುಂದೆ ಹೇಳುವುದೆಲ್ಲ ಹೆಚ್ಚಾಗಿ ‘ಯು’ ಕಂಪನಿಗಳ ಬಗ್ಗೆ.

ಷೇರುದಾರರಿಗೆ ಹೇಳಿದ್ದನ್ನು ನನಗೂ ಹೇಳಿ ಎಂದು ಬರೆಯಿರಿ

2013ರ ಕಂಪನಿ ಕಾಯ್ದೆಯ 62(1)(ಬಿ) ಕಲಮು ಮತ್ತು 2014ರ ಷೇರು ಬಂಡವಾಳ ನಿಯಮಗಳ 12ನೇ ನಿಯಮ ನಿಮಗೆ ಸಂಬಂಧಿಸಿದವು. ನೌಕರರಿಗೆ ಆಪ್ಷನ್ ಕೊಡಬೇಕಾದರೆ ಷೇರುದಾರರ ಸಭೆಯಲ್ಲಿ ನಿರ್ಣಯವಾಗಬೇಕು. ಕಾಯ್ದೆ ಕೇಳುವುದು ವಿಶೇಷ ನಿರ್ಣಯ, ಅಂದರೆ ನಾಲ್ಕರಲ್ಲಿ ಮೂರು ಪಾಲು ಮತ. ಖಾಸಗಿ ಕಂಪನಿಗಳಿಗೆ 2015ರಿಂದ ಸಾಮಾನ್ಯ ನಿರ್ಣಯ (ಅರ್ಧಕ್ಕಿಂತ ಹೆಚ್ಚು ಮತ) ಸಾಕೆಂದು ಸಡಿಲಿಸಿದ್ದಾರೆ. ಸಭೆಯ ನೋಟಿಸಿನ ಜೊತೆ ಒಂದು ವಿವರಣಾ ಹೇಳಿಕೆ ಹೋಗಬೇಕು. ನಾನು ಉತಾರ ಎನ್ನುವುದು ಆ ಹೇಳಿಕೆಗೆ.

ಅದರಲ್ಲಿ ಏನೇನು ಇರಬೇಕು ಎಂಬುದನ್ನು ನಿಯಮ ಒಂದೊಂದಾಗಿ ಹೇಳಿದೆ. ಯೋಜನೆಯಡಿ ಒಟ್ಟು ಎಷ್ಟು ಆಪ್ಷನ್, ಯಾವ ವರ್ಗದ ನೌಕರರಿಗೆ, ಅರ್ಹತೆಯನ್ನು ಹೇಗೆ ನಿರ್ಧರಿಸುತ್ತಾರೆ, ಎಷ್ಟು ವರ್ಷದಲ್ಲಿ ಆಪ್ಷನ್ ಪಕ್ಕಾ ಆಗುತ್ತದೆ, ಷೇರಿಗೆ ಎಷ್ಟು ಕಟ್ಟಬೇಕು ಅಥವಾ ಆ ಬೆಲೆಯ ಸೂತ್ರ ಯಾವುದು, ಎಷ್ಟು ಅವಧಿಯೊಳಗೆ ಕಟ್ಟಬೇಕು, ಷೇರು ಬಂದ ಮೇಲೆ ಮಾರಲು ತಡೆ ಇದೆಯೇ, ಒಬ್ಬರಿಗೆ ಗರಿಷ್ಠ ಎಷ್ಟು, ಮೌಲ್ಯವನ್ನು ಯಾವ ವಿಧಾನದಲ್ಲಿ ಕಟ್ಟುತ್ತಾರೆ, ಪಕ್ಕಾ ಆದ ಆಪ್ಷನ್ ಯಾವ ಸಂದರ್ಭದಲ್ಲಿ ರದ್ದಾಗುತ್ತದೆ. ರಾಜೀನಾಮೆ ಕೊಟ್ಟರೆ ಅಥವಾ ಕಂಪನಿಯೇ ತೆಗೆದುಹಾಕಿದರೆ ಎಷ್ಟು ದಿನದೊಳಗೆ ಷೇರು ಪಡೆಯಬೇಕು ಎಂಬುದೂ ಅದರಲ್ಲಿ ಇರಲೇಬೇಕು. ಗದಗಿನ ಹುಡುಗ ಕಳೆದುಕೊಂಡದ್ದು ಈ ಕೊನೆಯ ಸಾಲನ್ನು.

ಇಲ್ಲಿ ಮೂರು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ, ಕಚೇರಿಗಳಲ್ಲಿ ಇವನ್ನು ಕಲಸಿಬಿಡುತ್ತಾರೆ. ಗ್ರ್ಯಾಂಟ್ ಎಂದರೆ ಹೆಸರಿಗೆ ಬರೆದುಕೊಟ್ಟದ್ದು. ವೆಸ್ಟಿಂಗ್ ಎಂದರೆ ಅದು ಪಕ್ಕಾ ಆದದ್ದು. ಎಕ್ಸರ್‌ಸೈಸ್ ಎಂದರೆ ನೀವು ದುಡ್ಡು ಕಟ್ಟಿ ಷೇರು ಪಡೆದದ್ದು. ಗ್ರ್ಯಾಂಟ್‌ಗೂ ವೆಸ್ಟಿಂಗ್‌ಗೂ ನಡುವೆ ಕನಿಷ್ಠ ಒಂದು ವರ್ಷ ಇರಲೇಬೇಕೆಂದು ಕಾನೂನಿದೆ. ಹನ್ನೊಂದನೇ ತಿಂಗಳಲ್ಲಿ ಕೆಲಸ ಬಿಟ್ಟರೆ ಕೈಗೆ ಏನೂ ಬರುವುದಿಲ್ಲ. ಆ ವರ್ಷ ಎಣಿಸುವುದು ಕೆಲಸಕ್ಕೆ ಸೇರಿದ ದಿನದಿಂದಲ್ಲ, ಗ್ರ್ಯಾಂಟ್ ದಿನದಿಂದ. ಆಫರ್ ಪತ್ರದ ‘ನೀಡಲಾಗುವುದು’ ಎಂಬ ಪದ ಗ್ರ್ಯಾಂಟ್ ಆಗುವುದಿಲ್ಲ. ಜೂನ್‌ನಲ್ಲಿ ಸೇರಿ ಮುಂದಿನ ಜನವರಿಯಲ್ಲಿ ಗ್ರ್ಯಾಂಟ್ ಪತ್ರ ಪಡೆದವರನ್ನು ನಾನು ನೋಡಿದ್ದೇನೆ. ಅವರ ಏಳು ತಿಂಗಳು ಲೆಕ್ಕಕ್ಕೆ ಬರಲಿಲ್ಲ.

ಕುಂದಗೋಳದ ಹುಡುಗನಿಗೆ ನಾನು ಬರೆಸಿದ ಇಮೇಲ್‌ನ ತಿರುಳು ಇದು. ನೀವೂ ಇದನ್ನೇ ಬಳಸಿ:

“ನನಗೆ ನೀಡಲು ಉದ್ದೇಶಿಸಿರುವ 4,000 ಆಪ್ಷನ್‌ಗಳ ಬಗ್ಗೆ ತಿಳಿದು ಒಪ್ಪಲು ಈ ವಿವರಗಳು ಬೇಕಾಗಿವೆ. ಯೋಜನೆಯ ಪೂರ್ಣ ಪ್ರತಿ. ಷೇರುದಾರರು ಅದನ್ನು ಅಂಗೀಕರಿಸಿದ ದಿನಾಂಕ ಮತ್ತು ಆ ನೋಟಿಸಿನ ವಿವರಣಾ ಹೇಳಿಕೆ. ಹೂಡಿಕೆದಾರರ ಆದ್ಯತಾ ಷೇರುಗಳು ಸಾಮಾನ್ಯ ಷೇರಾಗಿ ಪರಿವರ್ತನೆಯಾದರೆ, ಎಲ್ಲ ಆಪ್ಷನ್‌ಗಳೂ ಷೇರಾದರೆ, ಇಂದಿನ ಲೆಕ್ಕಕ್ಕೆ ಕಂಪನಿಯ ಒಟ್ಟು ಷೇರು ಎಷ್ಟು. ನಾನು ಕಟ್ಟಬೇಕಾದ ಬೆಲೆ. ಕೊನೆಯ ಮೌಲ್ಯಮಾಪನದ ದಿನಾಂಕ ಮತ್ತು ಅದರಲ್ಲಿ ಬಂದ ಷೇರಿನ ಬೆಲೆ. ಗ್ರ್ಯಾಂಟ್ ಆಗುವ ದಿನ. ಕೆಲಸ ಬಿಟ್ಟ ಮೇಲೆ ಇರುವ ಅವಧಿ.”

ಕೇಳಲು ಸಂಕೋಚ ಬೇಡ. “ಹೊಸದಾಗಿ ಸೇರುವವನು ಇಷ್ಟೆಲ್ಲ ಕೇಳಿದರೆ ತಪ್ಪು ತಿಳಿಯುವುದಿಲ್ಲವೇ ಮೇಡಂ?” ಎಂದು ಹುಡುಗ ಎರಡು ಸಲ ಕೇಳಿದ. ಕಂಪನಿ ಈ ಎಲ್ಲವನ್ನೂ ಒಮ್ಮೆ ಬರೆದಾಗಿದೆ, ಷೇರುದಾರರಿಗೆ ಕೊಟ್ಟಾಗಿದೆ. ನೀವು ಕೇಳುವುದು ಒಂದು ಪ್ರತಿಯನ್ನು ಮಾತ್ರ. ಅದನ್ನೂ ಕೊಡಲೊಲ್ಲದ ಕಂಪನಿಯ ಆಪ್ಷನ್‌ಗೆ ಸಂಬಳ ಕಡಿಮೆ ಮಾಡಿಕೊಳ್ಳಬೇಡಿ; ಬಂದರೆ ಬರಲಿ ಎಂದು ಬದಿಗಿಡಿ.

ನಾಲ್ಕನೇ ದಿನ ಉತ್ತರ ಬಂತು. ಒಟ್ಟು ಷೇರು 1 ಕೋಟಿ 60 ಲಕ್ಷ. ಕಟ್ಟಬೇಕಾದ ಬೆಲೆ 10 ರೂಪಾಯಿ. ಕೊನೆಯ ಮೌಲ್ಯಮಾಪನದಲ್ಲಿ ಷೇರಿಗೆ 95 ರೂಪಾಯಿ. ನಾಲ್ಕು ವರ್ಷದಲ್ಲಿ, ವರ್ಷಕ್ಕೆ ಕಾಲುಭಾಗದಂತೆ ವೆಸ್ಟಿಂಗ್. ಕೆಲಸ ಬಿಟ್ಟರೆ 30 ದಿನ.

1 ಕೋಟಿ 60 ಲಕ್ಷದಲ್ಲಿ 4,000 ಎಂದರೆ ನಾಲ್ಕು ಸಾವಿರಕ್ಕೆ ಒಂದು ಪಾಲು, 0.025%. ನಾನು ಕ್ಯಾಲ್ಕುಲೇಟರ್ ಒತ್ತುತ್ತಿರುವಾಗಲೇ ತಂದೆ ಹೇಳಿದರು: “ನೂರು ಎಕರೆಯಲ್ಲಿ ಒಂದು ಗುಂಟೆ.” ಎಕರೆಗೆ 40 ಗುಂಟೆ, ನೂರು ಎಕರೆಗೆ 4,000. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆ ಗುಂಟೆಗೆ ಹುಡುಗ ಕೊಡುತ್ತಿದ್ದ ಬೆಲೆಯನ್ನೂ ಬರೆದೆವು. ತಿಂಗಳಿಗೆ 12,000, ನಾಲ್ಕು ವರ್ಷಕ್ಕೆ 48 ತಿಂಗಳು: 5,76,000 ರೂಪಾಯಿ. ಅದನ್ನು 4,000ದಿಂದ ಭಾಗಿಸಿದರೆ ಷೇರಿಗೆ 144. ಮೇಲೆ ಕಟ್ಟಬೇಕಾದ 10. ಹಾಗಾಗಿ ಷೇರು 154ಕ್ಕೆ ಏರಿ, ಮಾರುವ ಅವಕಾಶವೂ ಬಂದ ದಿನ ಅವನು ಬಿಟ್ಟುಕೊಟ್ಟ ಸಂಬಳ ಅವನಿಗೆ ಮರಳುತ್ತದೆ, ಅದೂ ತೆರಿಗೆಯ ಮಾತು ಬಿಟ್ಟು. ಇವತ್ತಿನ ಬೆಲೆ 95. ಈ ಒಂದು ಭಾಗಾಕಾರವನ್ನು ಸಹಿಗೆ ಮುನ್ನ ಎಲ್ಲರೂ ಮಾಡಲೇಬೇಕು ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹೂಡಿಕೆದಾರರು ಕಂಪನಿ ಮಾರಾಟವಾದಾಗ ತಮ್ಮ ದುಡ್ಡನ್ನು ಮೊದಲು ಎತ್ತಿಕೊಳ್ಳುವ ಕರಾರು ಮಾಡಿಕೊಂಡಿರುವುದುಂಟು. ಉಳಿದದ್ದರಲ್ಲಿ ಮಾತ್ರ ನಿಮ್ಮ ಪಾಲು. ಅಂಥ ಕರಾರು ಇದೆಯೇ ಎಂದೂ ಒಂದು ಸಾಲು ಕೇಳಿ.

ಹುಡುಗ ಮತ್ತೆ ಬರೆದ. ಸಂಬಳದ ಕಡಿತ 12,000ದಿಂದ 5,000ಕ್ಕೆ ಇಳಿಯಿತು. 30 ದಿನದ ಅವಧಿಯನ್ನು ಒಬ್ಬನಿಗಾಗಿ ಬದಲಿಸಲಾಗದು ಎಂದರು. ಸಭೆಯ ಒಪ್ಪಿಗೆಯಿಲ್ಲದೆ ಯೋಜನೆಯನ್ನು ತಿದ್ದುವಂತಿಲ್ಲ ಎಂಬುದು ನಿಜವೇ. ತಿದ್ದಿದರೂ ಆಪ್ಷನ್ ಇದ್ದವರಿಗೆ ಹಾನಿಯಾಗುವಂತೆ ತಿದ್ದಬಾರದು ಎಂಬ ರಕ್ಷಣೆಯೂ ಅದೇ ನಿಯಮದಲ್ಲಿದೆ.

ಕನ್ಸಲ್ಟೆಂಟ್ ಎಂದು ನೇಮಿಸಿಕೊಂಡು, ಸಂಬಳದ ಬದಲು ವೃತ್ತಿಶುಲ್ಕ ಎಂದು ಟಿಡಿಎಸ್ ಮುರಿದು ಕೊಡುತ್ತಾ, ಜೊತೆಗೆ ಇಸಾಪ್ ಆಸೆ ತೋರಿಸುವ ರೂಢಿ ನಮ್ಮ ಕಡೆ ಹೆಚ್ಚುತ್ತಿದೆ. ಷೇರುಪೇಟೆಯಲ್ಲಿಲ್ಲದ ಕಂಪನಿಗಳ ಮಟ್ಟಿಗೆ 12ನೇ ನಿಯಮ ಹೇಳುವುದು ಕಾಯಂ ನೌಕರರು ಮತ್ತು ನಿರ್ದೇಶಕರ ಬಗ್ಗೆ. ಕರಾರಿನ ಮೇಲಿರುವವರು ಅದರಲ್ಲಿ ಬರುವುದಿಲ್ಲ. ನಿಮ್ಮ ಕೈಯಲ್ಲಿರುವುದು ಅಂಥ ಕರಾರು ಪತ್ರವಾದರೆ, ಕಾಯಂ ಆದ ಮೇಲೆ ಗ್ರ್ಯಾಂಟ್ ಕೊಡುವ ದಿನಾಂಕವನ್ನು ಅದರಲ್ಲೇ ಬರೆಸಿಕೊಳ್ಳಿ.

ನೂರು ರೂಪಾಯಿಗೆ ಕಂಪನಿಯ ಕಪಾಟು ತೆರೆಯುತ್ತದೆ

ಕಂಪನಿ ಉತ್ತರ ಕೊಡದಿದ್ದರೂ ದಾರಿ ಮುಚ್ಚಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ, ಎಂಸಿಎ ಪೋರ್ಟಲ್ ಎನ್ನುತ್ತೇವಲ್ಲ ಅದರಲ್ಲಿ, ಯಾರು ಬೇಕಾದರೂ ಖಾತೆ ತೆರೆಯಬಹುದು. ಸಾರ್ವಜನಿಕ ದಾಖಲೆ ನೋಡುವ ಸೇವೆಗೆ ಹೋಗಿ, ಕಂಪನಿಯ ಹೆಸರು ಅಥವಾ ಸಿಐಎನ್ ಹಾಕಿ, 100 ರೂಪಾಯಿ ಕಟ್ಟಿದರೆ ಆ ಕಂಪನಿ ಸಲ್ಲಿಸಿದ ಕಾಗದಗಳು ತೆರೆದುಕೊಳ್ಳುತ್ತವೆ. ನೋಡಲು ಸಿಗುವ ಸಮಯ ಸೀಮಿತ, ಆದ್ದರಿಂದ ಮೊದಲು ಡೌನ್‌ಲೋಡ್ ಮಾಡಿಕೊಂಡು ಆಮೇಲೆ ಓದಿ.

ಮೂರು ಕಾಗದ ಹುಡುಕಿ. ಎಒಸಿ-4 ಎಂಬುದು ವರ್ಷದ ಲೆಕ್ಕಪತ್ರ. ಅದರ ಲಗತ್ತಿನಲ್ಲಿ ನಿರ್ದೇಶಕರ ವರದಿ ಇರುತ್ತದೆ. ಎಂಜಿಟಿ-7 ವಾರ್ಷಿಕ ವಿವರಪಟ್ಟಿ (ಆನ್ಯುಯಲ್ ರಿಟರ್ನ್); ಷೇರು ಬಂಡವಾಳ ಎಷ್ಟೆಂದು ಅಲ್ಲಿ ಸಿಗುತ್ತದೆ. ಪಿಎಎಸ್-3 ಎಂದರೆ ಹೊಸ ಷೇರು ಹಂಚಿದ ವರದಿ. ಹೂಡಿಕೆದಾರರು ಕೊನೆಯ ಸಲ ಷೇರಿಗೆ ಎಷ್ಟು ಕೊಟ್ಟರು ಎಂಬುದು ಅದರಿಂದ ತಿಳಿಯುತ್ತದೆ. ಕಂಪನಿಯವರು ಬಾಯಲ್ಲಿ ಹೇಳಿದ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೂಡಿಕೆದಾರರದ್ದು ಸಾಮಾನ್ಯವಾಗಿ ಆದ್ಯತಾ ಷೇರು, ಹೆಚ್ಚಿನ ಹಕ್ಕಿರುವಂಥದ್ದು. ನಿಮ್ಮ ಸಾಮಾನ್ಯ ಷೇರಿಗೆ ಅದೇ ಬೆಲೆ ಎಂದು ಹಿಡಿಯಬೇಡಿ.

ನಿರ್ದೇಶಕರ ವರದಿಯಲ್ಲಿ ನೌಕರರ ಷೇರು ಯೋಜನೆಯ ಕಂಡಿಕೆಯೊಂದು ಇರಬೇಕು. ಆ ವರ್ಷ ಕೊಟ್ಟ ಆಪ್ಷನ್ ಎಷ್ಟು, ವೆಸ್ಟ್ ಆದದ್ದು ಎಷ್ಟು, ಎಕ್ಸರ್‌ಸೈಸ್ ಆದದ್ದು ಎಷ್ಟು, ಲ್ಯಾಪ್ಸ್ ಆದದ್ದು (ರದ್ದಾದದ್ದು) ಎಷ್ಟು, ಬೆಲೆ ಎಷ್ಟು, ಷರತ್ತು ಬದಲಾಯಿತೇ, ಚಾಲ್ತಿಯಲ್ಲಿ ಉಳಿದದ್ದು ಎಷ್ಟು. ಆ ವರ್ಷದ ಒಟ್ಟು ಆಪ್ಷನ್‌ಗಳಲ್ಲಿ 5% ಅಥವಾ ಹೆಚ್ಚು ಪಡೆದ ನೌಕರರ ವಿವರವನ್ನೂ ಪ್ರತ್ಯೇಕವಾಗಿ ಕೊಡಬೇಕು.

ನಾನು ಮೊದಲು ಕಣ್ಣು ಹಾಯಿಸುವುದು ಲ್ಯಾಪ್ಸ್ ಆದ ಸಂಖ್ಯೆಗೆ. ಒಂದು ವರದಿಯಲ್ಲಿ ವೆಸ್ಟ್ ಆದವು ಸಾವಿರಗಟ್ಟಲೆ, ಎಕ್ಸರ್‌ಸೈಸ್ ಸೊನ್ನೆ, ಲ್ಯಾಪ್ಸ್ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಅಲ್ಲಿ ಜನ ಬಿಟ್ಟುಹೋಗುತ್ತಿದ್ದಾರೆ ಮತ್ತು ಬರಿಗೈಯಲ್ಲಿ ಹೋಗುತ್ತಿದ್ದಾರೆ ಎಂದು ಓದಿಕೊಳ್ಳುತ್ತೇನೆ. ಇದು ಒಂದೇ ವರ್ಷದ ವರದಿಯಲ್ಲಿ ಕಾಣುವುದಿಲ್ಲ, ಮೂರು ವರ್ಷದ್ದನ್ನು ಸಾಲಾಗಿ ಇಡಿ. ವರದಿ ಹಳೆಯದಾಗಿರುತ್ತದೆ ಎಂಬುದೂ ನೆನಪಿರಲಿ. ಮಾರ್ಚ್‌ಗೆ ಮುಗಿದ ವರ್ಷದ ಸಭೆಗೆ ಸೆಪ್ಟೆಂಬರ್ 30ರ ತನಕ ಸಮಯವಿದೆ, ಎಒಸಿ-4 ಸಲ್ಲಿಸಲು ಅಲ್ಲಿಂದ ಇನ್ನೂ 30 ದಿನ.

ಷೇರು ಪಡೆಯುವ ದಿನ ಕೈಯಲ್ಲಿ ಇರಬೇಕಾದ ದುಡ್ಡು

ತೆರಿಗೆಯ ಮಾತು ಬಂದಾಗ ಹೆಚ್ಚಿನವರು ‘ಮಾರಿದಾಗ ನೋಡಿದರಾಯಿತು’ ಎನ್ನುತ್ತಾರೆ. ಮಾರುವ ಮುನ್ನವೇ ಒಂದು ತೆರಿಗೆ ಇದೆ. ಎಕ್ಸರ್‌ಸೈಸ್ ಮಾಡಿದ ದಿನ ಷೇರಿನ ಮೌಲ್ಯಕ್ಕೂ ನೀವು ಕಟ್ಟಿದ ಬೆಲೆಗೂ ಇರುವ ಅಂತರವನ್ನು ಸಂಬಳದ ಭಾಗವೆಂದೇ ಎಣಿಸುತ್ತಾರೆ. ಷೇರುಪೇಟೆಯಲ್ಲಿಲ್ಲದ ಕಂಪನಿಯಾದರೆ ಆ ಮೌಲ್ಯವನ್ನು ಮರ್ಚೆಂಟ್ ಬ್ಯಾಂಕರ್ (ಸೆಬಿಯಲ್ಲಿ ನೋಂದಾಯಿತ ಹಣಕಾಸು ಸಂಸ್ಥೆ) ನಿರ್ಧರಿಸಬೇಕು, ಆ ವರದಿ 180 ದಿನಕ್ಕಿಂತ ಹಳೆಯದಾಗಿರಬಾರದು.

ಅಂಕಿ ಹಾಕಿ ನೋಡೋಣ. 1,000 ಆಪ್ಷನ್, ಬೆಲೆ 10, ಆ ದಿನದ ಮೌಲ್ಯ 410. ಕಂಪನಿಗೆ ಕಟ್ಟಬೇಕಾದದ್ದು 10,000. ಸಂಬಳಕ್ಕೆ ಸೇರುವುದು 4,00,000. ನೀವು 20% ದರದ ಹಂತದಲ್ಲಿದ್ದರೆ 4% ಸೆಸ್ ಸೇರಿ ತೆರಿಗೆ 83,200; 30% ಹಂತದಲ್ಲಿದ್ದರೆ 1,24,800. ಈ ತೆರಿಗೆಯನ್ನು ಕಂಪನಿ ಟಿಡಿಎಸ್ ಆಗಿ ಮುರಿದುಕೊಳ್ಳುತ್ತದೆ. ಕೈಗೆ ಬಂದಿರುವುದು ಮಾರಲಾಗದ ಷೇರು, ಕೈಯಿಂದ ಹೋಗುವುದು ನಗದು. ಕೆಲಸ ಬಿಡುವ ತಿಂಗಳಲ್ಲೇ 30 ದಿನದ ಗಡುವೂ ಬಂದು ಕೂಡುವುದರಿಂದ ಎಷ್ಟೋ ಜನ ಈ ದುಡ್ಡು ಹೊಂದಿಸಲಾಗದೆ ಆಪ್ಷನ್ ಬಿಟ್ಟುಬಿಡುತ್ತಾರೆ. ರಾಜೀನಾಮೆ ಬರೆಯುವ ಮೊದಲು ಈ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ನೋಡಿ.

2020ರ ಹಣಕಾಸು ಕಾಯ್ದೆ ಕೆಲವು ಸ್ಟಾರ್ಟಪ್ ನೌಕರರಿಗೆ ಈ ತೆರಿಗೆಯನ್ನು ಮುಂದೂಡಿತು. ಷೇರು ಪಡೆದ ಆರ್ಥಿಕ ವರ್ಷ ಮುಗಿದು ಐದು ವರ್ಷ, ಇಲ್ಲವೇ ಷೇರು ಮಾರಿದ ದಿನ, ಇಲ್ಲವೇ ಕೆಲಸ ಬಿಟ್ಟ ದಿನ, ಮೊದಲು ಯಾವುದು ಬರುತ್ತದೋ ಆಗ ತೆರಿಗೆ. ಆದರೆ ಸ್ಟಾರ್ಟಪ್ ಎಂದು ಸರ್ಕಾರದ ಮಾನ್ಯತೆ ಪಡೆದ ಮಾತ್ರಕ್ಕೆ ಈ ಸೌಲಭ್ಯ ಸಿಗದು. ತೆರಿಗೆ ವಿನಾಯಿತಿಗಾಗಿ ಅಂತರ ಸಚಿವಾಲಯ ಮಂಡಳಿ ಕೊಡುವ ಬೇರೆಯದೇ ಪ್ರಮಾಣಪತ್ರ ಬೇಕು. “ನಮ್ಮದು ಸ್ಟಾರ್ಟಪ್, ತೆರಿಗೆ ಆಮೇಲೆ” ಎಂದು ಯಾರಾದರೂ ಹೇಳಿದರೆ ಆ ಪತ್ರ ತೋರಿಸಲು ಹೇಳಿ.

ಮಾರಿದಾಗಿನ ಲಾಭದ ತೆರಿಗೆ ಇನ್ನೊಂದು. ಷೇರುಪೇಟೆಯಲ್ಲಿಲ್ಲದ ಷೇರನ್ನು 24 ತಿಂಗಳು ಮೀರಿ ಇಟ್ಟು ಮಾರಿದರೆ, 2024ರ ಜುಲೈ 23ರಿಂದ ದರ 12.5%.

ಅಮೆರಿಕದ ಮೂಲ ಕಂಪನಿಯ ಆಪ್ಷನ್ ಆದರೆ

ವಿದ್ಯಾನಗರದ ಮನೆಯಲ್ಲೇ ಕುಳಿತು ಅಮೆರಿಕದ ಕಂಪನಿಗೆ ದುಡಿಯುವ ಮಕ್ಕಳು ಈಗ ಅನೇಕ. ಇವರ ಗ್ರ್ಯಾಂಟ್ ಪತ್ರ ಅಲ್ಲಿನ ಕಾನೂನಿನ ಮಾತಾಡುತ್ತದೆ. ಅಲ್ಲಿ 1933ರ ಕಾಯ್ದೆಯ ಪ್ರಕಾರ ಷೇರು ಮಾರಬೇಕಾದರೆ ನೋಂದಣಿ ಬೇಕು. ಖಾಸಗಿ ಕಂಪನಿ ತನ್ನ ನೌಕರರಿಗೆ ಕೊಡುವಾಗ ನೋಂದಣಿ ಬೇಡವೆಂದು 1988ರಲ್ಲಿ ರೂಲ್ 701 ಬಂತು. ಆ ವಿನಾಯಿತಿ ಬಳಸುವ ಕಂಪನಿ ಯೋಜನೆಯ ಪ್ರತಿಯನ್ನು ನೌಕರನಿಗೆ ಕೊಡಲೇಬೇಕು. ಹನ್ನೆರಡು ತಿಂಗಳಲ್ಲಿ ಹೀಗೆ ಕೊಟ್ಟದ್ದು 1 ಕೋಟಿ ಡಾಲರ್ ಮೀರಿದರೆ ಲೆಕ್ಕಪತ್ರ ಮತ್ತು ಅಪಾಯಗಳ ವಿವರವನ್ನೂ ಎಕ್ಸರ್‌ಸೈಸ್‌ಗೆ ಮುನ್ನ ಕೊಡಬೇಕು. ಆ ಮಿತಿ ಮೊದಲು 50 ಲಕ್ಷ ಡಾಲರ್ ಇತ್ತು, 2018ರಲ್ಲಿ ಅಮೆರಿಕದ ಸಂಸತ್ತಿನ ಕಾಯ್ದೆಯೊಂದರ ಮೇರೆಗೆ ಎರಡು ಪಟ್ಟು ಮಾಡಿದರು. ಕಂಪನಿಗಳಿಗೆ ಹೊರೆ ಇಳಿಯಿತು, ಸಣ್ಣ ಕಂಪನಿಗಳ ನೌಕರರಿಗೆ ಲೆಕ್ಕ ನೋಡುವ ಅವಕಾಶವೂ ಇಳಿಯಿತು. ನನಗೆ ಅದು ಸರಿ ಎನಿಸುವುದಿಲ್ಲ. ಸಂಬಳ ಬಿಟ್ಟುಕೊಡುವವನಿಗೆ ಕಂಪನಿ ಸಣ್ಣದಾದಷ್ಟೂ ಅಪಾಯ ಹೆಚ್ಚು.

ಭಾರತದಲ್ಲಿರುವ ನೌಕರರಿಗೆ ಬೇರೆ ವಿನಾಯಿತಿಯಡಿ ಆಪ್ಷನ್ ಕೊಡುವ ದಾರಿಯೂ ಆ ಕಂಪನಿಗಳಿಗೆ ಇರುವುದರಿಂದ, ಹಕ್ಕು ಎಂದು ವಾದಕ್ಕೆ ಇಳಿಯದೆ ಯೋಜನೆಯ ಪ್ರತಿ ಮತ್ತು ಇತ್ತೀಚಿನ ಲೆಕ್ಕಪತ್ರ ಕೊಡಿ ಎಂದು ಬರೆಯಿರಿ.

ಷೇರು ಪಡೆದ ಮೇಲೆ ನಿಮ್ಮದೇ ಒಂದು ಹೊಣೆ ಶುರುವಾಗುತ್ತದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ಇದೆ. ಅದರಲ್ಲಿ ಈ ಷೇರನ್ನು ಪ್ರತಿ ವರ್ಷ ತೋರಿಸಬೇಕು, ಮಾರದಿದ್ದರೂ, ಲಾಭವೇ ಇಲ್ಲದಿದ್ದರೂ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. 20 ಲಕ್ಷದೊಳಗಿನ ಚರಾಸ್ತಿಗೆ 2024ರಲ್ಲಿ ದಂಡ ಸಡಿಲಿಸಿದ್ದಾರೆ, ತೋರಿಸುವ ಹೊಣೆಯನ್ನು ಸಡಿಲಿಸಿಲ್ಲ.

ಕೊಡುವವರಿಗೆ

ತಾರಿಹಾಳ, ಗೋಕುಲ ರಸ್ತೆ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಕಂಪನಿ ನಡೆಸುವವರೂ ಇದನ್ನು ಓದುತ್ತಿರಬಹುದು. ನಿರ್ಣಯವಾಗದೆ ಪತ್ರ ಕೊಡಬೇಡಿ. ಎಸ್‌ಎಚ್-6 ವಹಿಯಲ್ಲಿ ಪ್ರತಿ ಗ್ರ್ಯಾಂಟನ್ನೂ ಬರೆಯಿರಿ. ಷೇರು ಹಂಚಿದ 30 ದಿನದೊಳಗೆ ಪಿಎಎಸ್-3 ಸಲ್ಲಿಸಿ. ವರ್ಷವೊಂದರಲ್ಲಿ ಒಬ್ಬರಿಗೇ ಬಂಡವಾಳದ 1% ಅಥವಾ ಹೆಚ್ಚು ಕೊಡುವುದಾದರೆ ಪ್ರತ್ಯೇಕ ನಿರ್ಣಯ ಮಾಡಿ. ಇವೆಲ್ಲ ಕಾನೂನು ಕೇಳುವುದು. ಕಾನೂನು ಕೇಳದ ಒಂದನ್ನು ನಾನು ಕೇಳುತ್ತೇನೆ: ವಿವರಣಾ ಹೇಳಿಕೆಯ ಮುಖ್ಯಾಂಶವನ್ನು ಎರಡು ಪುಟ ಕನ್ನಡದಲ್ಲಿ ಬರೆಸಿ ಗ್ರ್ಯಾಂಟ್ ಪತ್ರದ ಜೊತೆ ಕೊಡಿ. ಕೆಲಸ ಬಿಡುವವರ ಕೊನೆಯ ಲೆಕ್ಕ ಚುಕ್ತಾ ಮಾಡುವ ಹಾಳೆಯಲ್ಲಿ ‘ಆಪ್ಷನ್ ಎಷ್ಟಿದೆ, ಕೊನೆಯ ದಿನಾಂಕ ಯಾವುದು’ ಎಂಬ ಸಾಲು ಸೇರಿಸಿ. ನನ್ನ ಕಕ್ಷಿದಾರ ಕಂಪನಿಗಳಲ್ಲಿ ಈ ಸಾಲು ಇಲ್ಲದ ಹಾಳೆಯನ್ನು ನಾನು ಮುಂದೆ ಹೋಗಲು ಬಿಡುವುದಿಲ್ಲ.

ಮನೆಯವರ ಕೈಗೆ

ಆಪ್ಷನ್ ಅನ್ನು ಮಾರಲು, ಒತ್ತೆ ಇಡಲು, ಬೇರೆಯವರ ಹೆಸರಿಗೆ ಬರೆಯಲು ಬರುವುದಿಲ್ಲ. ಆದರೆ ನೌಕರ ತೀರಿಕೊಂಡರೆ, ಅಂದಿನವರೆಗೆ ಕೊಟ್ಟ ಎಲ್ಲ ಆಪ್ಷನ್‌ಗಳೂ, ವೆಸ್ಟ್ ಆಗದವೂ ಸೇರಿ, ವಾರಸುದಾರರಿಗೆ ಅಥವಾ ನಾಮಿನಿಗೆ ಸೇರುತ್ತವೆ. ದುಡಿಯುವಾಗಲೇ ಶಾಶ್ವತವಾಗಿ ಅಶಕ್ತನಾದರೂ ಆ ದಿನಕ್ಕೆ ಎಲ್ಲವೂ ವೆಸ್ಟ್ ಆಗುತ್ತವೆ. 12ನೇ ನಿಯಮದ ಈ ಭಾಗ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಮಗನ ಪಿಎಫ್, ವಿಮೆ ಕೇಳಿಕೊಂಡು ಬರುವ ತಾಯಂದಿರು ಆಪ್ಷನ್ ಕೇಳುವುದಿಲ್ಲ.

ಅದಕ್ಕೇ ಕಂಪನಿಯ ಉತ್ತರ ಬಂದ ಮೇಲೆ ತಂದೆಗೆ ಒಂದು ಹಾಳೆ ಬರೆದುಕೊಟ್ಟೆ. ಕಂಪನಿಯ ಪೂರ್ಣ ಹೆಸರು, ಸಿಐಎನ್, ಆಪ್ಷನ್ 4,000, ಗ್ರ್ಯಾಂಟ್ ದಿನಾಂಕ (ಪತ್ರ ಬಂದ ಮೇಲೆ ತುಂಬಲು ಖಾಲಿ ಜಾಗ), ಬೆಲೆ 10, ಬಿಟ್ಟರೆ 30 ದಿನ, ನಾಮಿನಿ: ತಾಯಿ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಹೊಲದ ಉತಾರ ಇರುವ ಟ್ರಂಕಿನಲ್ಲೇ ಇಡುತ್ತೇನೆ ಎಂದರು.